ಎಮ್ಮೆ ಬಿದ್ದ ಹೊತ್ತು

ಇಂಥ ಅನುಭವಗಳನ್ನು ಯಾರಾದರೂ ಹೇಳತೊಡಗಿದರೆ ನಗುತ್ತಿದ್ದವನು ನಾನು. ಪಶುವೈದ್ಯ, ಕಣ್ಣಿಗೆ ಕಂಡದ್ದನ್ನು, ಕೈಗೆ ಸಿಕ್ಕಿದ್ದನ್ನು ನಂಬಿ ಬದುಕಿದವನು. ನನಗೇ ಹೀಗಾದೀತೆಂದು ಎಣಿಸಿರಲಿಲ್ಲ.

ಹೆಂಡತಿ ತೀರಿಕೊಂಡ ಮರುವರ್ಷ ಚನ್ನಗಿರಿ ಕಡೆಗೆ ವರ್ಗವಾಯಿತು. ಕ್ವಾರ್ಟರ್ಸ್‌ನಲ್ಲಿ ಒಬ್ಬನೇ. ಎಷ್ಟೋ ದಿನ ನಾನು ಆಡುತ್ತಿದ್ದ ಮೊದಲ ಮಾತು ಕಸಾಯಿಖಾನೆಯಲ್ಲೇ. ಕೊಯ್ಯುವ ಮೊದಲು ಎಮ್ಮೆ, ಕೋಣಗಳ ಪ್ರಜ್ಞೆ ತಪ್ಪಿಸುವುದನ್ನು ಅಲ್ಲಿಯವರಿಗೆ ಕಲಿಸಬೇಕಿತ್ತು. ಇಕ್ಕಟ್ಟಾದ ಕಬ್ಬಿಣದ ಪಂಜರದಲ್ಲಿ ನಿಲ್ಲಿಸಿ, ಹಣೆಗೆ ಪಿಸ್ತೂಲಿನಂಥ ಉಪಕರಣವಿಟ್ಟು ಒತ್ತಿದರೆ ಪ್ರಾಣಿ ಒಂದೇ ಏಟಿಗೆ ಕುಸಿಯುತ್ತದೆ. ಆಮೇಲೆ ಕಣ್ಣುಗುಡ್ಡೆಯನ್ನು ಬೆರಳಿಂದ ಮುಟ್ಟಿ ನೋಡಬೇಕು. ರೆಪ್ಪೆ ಅಲುಗಿದರೆ ಇನ್ನೂ ಎಚ್ಚರವಿದೆಯೆಂದು ಅರ್ಥ. ಮತ್ತೊಂದು ಏಟು ಕೊಡದೆ ಕತ್ತಿ ಹಿಡಿಯುವಂತಿಲ್ಲ.

ಹೊನ್ನಾಳಿಯಿಂದ ಬರುತ್ತಿದ್ದ ಖಾದರ್ ಸಾಬರು ಬೇಗ ಕಲಿತರು. "ಇದಕ್ಕೆ ಏನೂ ಗೊತ್ತಾಗಲ್ಲ ಅಲ್ರೀ ಸಾರ್?" ಎಂದು ಆಗಾಗ ಕೇಳುತ್ತಿದ್ದರು.

"ಗೊತ್ತಾಗಲ್ಲ ಸಾಬ್ರೆ," ಅನ್ನುತ್ತಿದ್ದೆ. ಹೆಂಡತಿಯ ಕೊನೆಯ ದಿನ ಆಸ್ಪತ್ರೆಯಲ್ಲಿ ಡಾಕ್ಟರು ನನಗೂ ಹಾಗೇ ಹೇಳಿದ್ದರು.

ಒಂದು ಬೆಳಗ್ಗೆ ಮುದಿ ಎಮ್ಮೆಯೊಂದು ಪಂಜರದೊಳಗೆ ಹೋಗಲೊಲ್ಲದೆ ನಿಂತಿತು. ಹೊಡೆಯಬೇಡಿ ಅಂದೆ. ಹತ್ತಿರ ಹೋಗಿ ಕೊಂಬಿನ ಬುಡ ಕೆರೆದೆ. ಒಂದಿಷ್ಟು ಹೊತ್ತಿಗೆ ತಾನಾಗಿ ಹೆಜ್ಜೆ ಹಾಕಿತು. ನಾನು ಪಂಜರದ ಪಕ್ಕ ನಿಂತೆ. ಎಮ್ಮೆ ನನ್ನನ್ನೇ ನೋಡುತ್ತಿತ್ತು. ಸಾಬರು ಉಪಕರಣವನ್ನು ಹಣೆಗಿಟ್ಟರು. ನೆನಪಿರುವುದು ಅಷ್ಟೇ.

ಏಟಿನ ಸದ್ದು ನನಗೆ ಕೇಳಲಿಲ್ಲ. ಮರುಕ್ಷಣವೇ ಅನ್ನುವಂತೆ ಪಂಜರ ಖಾಲಿಯಾಗಿತ್ತು. ನಾನು ನಿಂತಲ್ಲೇ ನಿಂತಿದ್ದೆ. ಸಾಬರು ನನ್ನ ತೋಳು ಹಿಡಿದುಕೊಂಡಿದ್ದರು.

"ಎಮ್ಮೆ ಬಿದ್ದಾಗಿಂದ ಹಿಂಗೇ ನಿಂತಿದ್ರಿ ಸಾರ್. ಕರೆದ್ರೂ ಮಾತಿಲ್ಲ. ಬಿದ್ದ ಎಮ್ಮೆ ಬಿಟ್ಟು ಬರಾಕೆ ಆಗಂಗಿಲ್ಲ, ಕೆಲಸ ಮುಗಿಸಿ ಓಡಿ ಬಂದೆ." ತೋಳು ಬಿಟ್ಟು ಅಂದರು: "ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮ ಕಣ್ಣು ಮುಟ್ಟಿ ನೋಡಿದೆ. ರೆಪ್ಪೆ ಬಡೀಲಿಲ್ಲ."

ಆ ಸಂಜೆ ಕನ್ನಡಿ ಮುಂದೆ ನಿಂತು ನಾನೇ ಮುಟ್ಟಿಕೊಳ್ಳಲು ನೋಡಿದೆ. ಬೆರಳು ತಲುಪುವ ಮೊದಲೇ ರೆಪ್ಪೆ ಮುಚ್ಚಿಕೊಳ್ಳುತ್ತಿತ್ತು. ದಾವಣಗೆರೆಯಲ್ಲಿ ತಲೆಯ ಸ್ಕ್ಯಾನ್ ಆಯಿತು. ಏನೂ ಇಲ್ಲ, ಸರಿಯಾಗಿ ನಿದ್ದೆ ಮಾಡಿ ಅಂದರು. ದಣಿವೇ ಇರಬಹುದು. ಆದರೆ ಆ ದಣಿವು ಎಮ್ಮೆ ಬೀಳುವ ಗಳಿಗೆಗೇ ಏಕೆ ಕಾದಿತ್ತು?

ಈಗ ಜಗಳೂರಿನಲ್ಲಿದ್ದೇನೆ. ಮತ್ತೆಂದೂ ಹಾಗಾಗಿಲ್ಲ. ಆ ಹೊತ್ತು ನಾನೆಲ್ಲಿದ್ದೆ ಎಂಬುದು ಇವತ್ತಿಗೂ ಬಗೆಹರಿದಿಲ್ಲ. ಅಲ್ಲಿ ನೋವಿರಲಿಲ್ಲ, ಭಯವಿರಲಿಲ್ಲ. ಎಮ್ಮೆ ಇರಲಿಲ್ಲ, ಅವಳೂ ಇರಲಿಲ್ಲ. ಯಾರಾದರೂ ಇದ್ದಿದ್ದರೆ ಎಂದು ಒಮ್ಮೊಮ್ಮೆ ಅನಿಸುತ್ತದೆ.