ಎರಡನೆಯ ಮುದ್ದೆ

ಕ್ಯಾಲೊರಿ ಎಂಬ ಪದ ನನ್ನ ಕಿವಿಗೆ ಮೊದಲು ಬಿದ್ದದ್ದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ, ಕೈಯಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಕಲಿತು, ಯಾವ ಆಫೀಸಿನಲ್ಲೂ ಕೆಲಸ ಸಿಗದೆ ನಾನು ಯಶವಂತಪುರದ ಆಚೆ ಕರೆಂಟಿನ ಸ್ವಿಚ್ಚು ತಯಾರಿಸುವ ಒಂದು ಫ್ಯಾಕ್ಟರಿ ಸೇರಿದ್ದೆ. ಗಂಗಾನಗರದ ನಮ್ಮ ಮನೆಯಿಂದ ಬಳ್ಳಾರಿ ರಸ್ತೆಗೆ ನಡೆದು ಬಂದರೆ ಮೇಖ್ರಿ ಸರ್ಕಲ್ ಕಡೆ ಹೋಗುವ ಕಂಪನಿ ಬಸ್ಸು ಸಿಗುತ್ತಿತ್ತು. ನಮ್ಮ ವಿಭಾಗದಲ್ಲಿದ್ದವರೆಲ್ಲ ಹೆಂಗಸರೇ. ಹಿತ್ತಾಳೆಯ ತಗಡನ್ನು ಅಚ್ಚಿನ ಮೇಲಿಟ್ಟು, ತಲೆಯ ಮೇಲಿದ್ದ ಭಾರದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಬೇಕು. ಒಂದು ಜಗ್ಗಿಗೆ ಒಂದು ತುಂಡು. ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ ಕೆಲಸ, ನಿಂತೇ. ಸೇರಿದ ಹೊಸದರಲ್ಲಿ ಮನೆಗೆ ಬಂದು ತಲೆ ಬಾಚಿಕೊಳ್ಳಲೂ ತೋಳು ಮೇಲೇಳುತ್ತಿರಲಿಲ್ಲ.

ನನ್ನ ಪಕ್ಕದ ಮೆಷಿನ್ನಿನಲ್ಲಿದ್ದವಳು ತಣಿಸಂದ್ರದವಳು. ಆಗ ತಣಿಸಂದ್ರ ಹೊಲ, ತೋಟ, ಕೆರೆಗಳ ಹಳ್ಳಿ. ಅವಳು ಹೊತ್ತು ಮೂಡುವ ಮೊದಲೇ ದನದ ಕೊಟ್ಟಿಗೆ ಗುಡಿಸಿ, ಹಾಲು ಕರೆದು, ಹೊಲದ ಬದುವಿನ ಮೇಲೆ ನಡೆದು ಬಂದು ಹೆಬ್ಬಾಳದಲ್ಲಿ ಬಸ್ಸು ಹತ್ತುತ್ತಿದ್ದಳು. ಎತ್ತರದ ಆಳು, ಅಗಲ ಭುಜ. ನನಗಿಂತ ಏಳೆಂಟು ವರ್ಷ ದೊಡ್ಡವಳಾದ್ದರಿಂದ ನಾನು ಅಕ್ಕಾ ಅನ್ನುತ್ತಿದ್ದೆ. ಅವಳ ಮೆಷಿನ್ನಿನ ಸದ್ದೇ ಬೇರೆ. ನಾವು ಜಗ್ಗಿದರೆ ಟಕ್ ಅನ್ನುತ್ತಿತ್ತು, ಅವಳು ಜಗ್ಗಿದರೆ ನೆಲ ಅದುರುತ್ತಿತ್ತು.

ಕ್ಯಾಂಟೀನಿನಲ್ಲಿ ಗಂಡಸರಿಗೆ ಎರಡು ಮುದ್ದೆ, ಹೆಂಗಸರಿಗೆ ಒಂದು. ಅನ್ನವೂ ಹಾಗೆಯೇ, ಅವರಿಗೆ ಸೌಟು ತುಂಬ, ನಮಗೆ ಸೌಟಿನ ತುದಿಯಲ್ಲಿ. ಕೊಡುವ ಟೋಕನ್ ಮಾತ್ರ ಎಲ್ಲರದೂ ಒಂದೇ. ಈ ನಿಯಮವನ್ನು ಯಾರು ಮಾಡಿದ್ದರೋ, ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಕೇಳುವಂಥ ಸಂಗತಿ ಅಂತಲೇ ಅನ್ನಿಸಿರಲಿಲ್ಲ.

ಕೇಳಿದವಳು ಅಕ್ಕ. ಅವಳು ಎರಡನೆಯ ಮಗುವನ್ನು ಹೆತ್ತು, ರಜೆ ಮುಗಿಸಿ ಕೆಲಸಕ್ಕೆ ವಾಪಸು ಬಂದಿದ್ದಳು. ಹುರುಳಿಕಾಳು ಸಾರಿನ ದಿನ. ಬಡಿಸುವವನು ಒಂದು ಮುದ್ದೆ ಹಾಕಿ ಮುಂದಿನ ತಟ್ಟೆಗೆ ಕೈ ಚಾಚಿದ. ಅವಳು ಕದಲಲಿಲ್ಲ.

"ಅಣ್ಣೋ, ಇನ್ನೊಂದ್ ಆಕು. ಒಟ್ಟೆ ತುಂಬಕ್ಕಿಲ್ಲ."

ಸಾಲಿನಲ್ಲಿದ್ದ ಗಂಡಸರು ನಕ್ಕರು. ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಕ್ಯಾಂಟೀನಿನ ಸೂಪರ್‌ವೈಸರ್ ಅಷ್ಟು ದೂರದಿಂದ ಎದ್ದು ಬಂದ. ಕೆಟ್ಟವನಲ್ಲ, ಬಿಳಿ ಅಂಗಿಯ, ಮೆತ್ತಗೆ ಮಾತಾಡುವ ಮನುಷ್ಯ. ಗೋಡೆಯ ಮೇಲೆ ಅಂಟಿಸಿದ್ದ ಒಂದು ಚಾರ್ಟ್ ತೋರಿಸಿದ.

"ನೋಡಮ್ಮ, ಇದು ನಾನ್ ಹೇಳ್ತಿರೋದಲ್ಲ. ಲೇಡೀಸ್‌ಗೆ ಕ್ಯಾಲೊರಿ ಕಮ್ಮಿ ಸಾಕು ಅಂತ ಸೈನ್ಸೇ ಹೇಳುತ್ತೆ. ಜಾಸ್ತಿ ತಿಂದ್ರೆ ನಿಮಗೇ ತೊಂದ್ರೆ."

"ಅದೇನಣ್ಣ ಕ್ಯಾಲ್ರಿ?"

"ಅದು… ಊಟದಲ್ಲಿರೋ ಶಕ್ತಿ."

"ಸಕ್ತಿ ನಂಗ್ ಕಮ್ಮಿ ಸಾಕಾ?" ಅಂದಳು ಅಕ್ಕ. ಅವನು ಸಾಲನ್ನು ಮುಂದೆ ಬಿಡಿ ಅಂತ ಕೈಯಾಡಿಸಿದ. ಅವಳು ತಟ್ಟೆ ತಗೊಂಡು ಬಂದು ನನ್ನೆದುರು ಕೂತಳು. ಸಿಟ್ಟು ಬಂದಿರಲಿಲ್ಲ, ಅವಮಾನವಾಗಿತ್ತು. ಮುದ್ದೆ ಮುಗಿದ ಮೇಲೆ ಸಾರು ಕುಡಿದಳು, ಆಮೇಲೆ ಎರಡು ಲೋಟ ನೀರು ಕುಡಿದಳು. ನನ್ನ ಮುದ್ದೆಯಲ್ಲಿ ಅರ್ಧ ಮುರಿದು ಕೊಡಲು ಹೋದರೆ ಕೈ ತಳ್ಳಿದಳು. "ನೀನ್ ತಿನ್ನಮ್ಮಿ. ಕಡ್ಡಿ ಇದ್ದಂಗಿದ್ದೀಯ" ಅಂದಳು.

ಅದಾದ ಕೆಲವೇ ದಿನಗಳಲ್ಲಿ ಒಂದು ಮಧ್ಯಾಹ್ನ ಪಕ್ಕದ ಮೆಷಿನ್ನಿನ ಸದ್ದು ನಿಂತಿತು. ತಿರುಗಿ ನೋಡಿದೆ. ಅಕ್ಕ ಹಿಡಿಯನ್ನು ಒಂದೇ ಕೈಯಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು. ಇನ್ನೊಂದು ಕೈ ಅಚ್ಚಿನ ಮೇಲಿತ್ತು. ಭಾರ ಕೆಳಗಿಳಿಯುವ ಮೊದಲೇ ನಾನು ಅವಳ ಸೊಂಟ ಹಿಡಿದು ಹಿಂದಕ್ಕೆಳೆದೆ. ಇಬ್ಬರೂ ನೆಲಕ್ಕೆ ಬಿದ್ದೆವು. ಮೆಷಿನ್ನು ತನ್ನ ಪಾಡಿಗೆ ತಾನು ಬರಿಯ ಅಚ್ಚನ್ನು ಗುದ್ದಿ ನಿಂತಿತು.

ಫ್ಯಾಕ್ಟರಿಯಲ್ಲಿ ಒಂದು ಪುಟ್ಟ ಔಷಧಿಯ ಕೋಣೆಯಿತ್ತು. ವಾರದಲ್ಲಿ ಕೆಲವು ದಿನ ಅಲ್ಲಿಗೆ ಒಬ್ಬ ಲೇಡಿ ಡಾಕ್ಟರ್ ಬರುತ್ತಿದ್ದರು. ನಡುವಯಸ್ಸಿನವರು, ಕಾಟನ್ ಸೀರೆ, ದಪ್ಪ ಕನ್ನಡಕ, ಮಾತು ಚುರುಕು. ಅಕ್ಕನಿಗೆ ಸಕ್ಕರೆ ನೀರು ಕುಡಿಸಿ, ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು.

"ಬೆಳಿಗ್ಗೆ ಏನ್ ತಿಂದೆ?"

"ಟೀ ಕುಡ್ದೆ."

"ಮಧ್ಯಾಹ್ನ?"

"ಇಲ್ಲಿ ಕೊಡ್ತಾರಲ್ಲ, ಒಂದ್ ಮುದ್ದೆ."

"ಮಗು ಹಾಲು ಕುಡಿಯುತ್ತಾ?"

"ಸಾಲಕ್ಕಿಲ್ಲ. ಬುಡಕ್ಕೇ ಇಲ್ದಿದ್ರೆ ತಲೆಗೆಲ್ಲಿಂದ ಬತ್ತದೆ, ಡಾಕ್ಟ್ರಮ್ಮ?"

ನಾನು ಧೈರ್ಯ ಮಾಡಿ ಚಾರ್ಟಿನ ವಿಷಯ ಹೇಳಿದೆ. ಹೆಂಗಸರಿಗೆ ಕ್ಯಾಲೊರಿ ಕಡಿಮೆ ಸಾಕಂತಲ್ಲ, ನಿಜವಾ ಅಂತ ಕೇಳಿದೆ.

"ಯಾವ ಹೆಂಗಸಿಗೆ?" ಅಂದರು ಅವರು. "ಕೂತಿರೋಳಿಗಾ, ದುಡಿಯೋಳಿಗಾ? ನೀನು ಎದ್ದಾಗಿಂದ ಏನೇನ್ ಮಾಡ್ತೀಯ, ಹೇಳು."

ಹೇಳಿದೆ. ಬೀದಿಯ ಬೋರಿನಿಂದ ನೀರು ಹೊರುವುದು, ರುಬ್ಬುವುದು, ಬಸ್ಸಿಗೆ ನಡೆಯುವುದು, ಇಲ್ಲಿ ಇಡೀ ದಿನ ನಿಂತು ಜಗ್ಗುವುದು, ಮನೆಗೆ ಹೋದ ಮೇಲೆ ಮತ್ತೆ ಒಲೆ. ಹೇಳುತ್ತಾ ಹೇಳುತ್ತಾ ನನಗೇ ಆಶ್ಚರ್ಯವಾಯಿತು. ನನ್ನ ದಿನವನ್ನು ನಾನು ಹಾಗೆ ಒಟ್ಟಾಗಿ ಯಾವತ್ತೂ ನೋಡಿರಲಿಲ್ಲ.

"ಕುರ್ಚಿ ಮೇಲೆ ಕೂತು ಕೆಲಸ ಮಾಡೋ ಹೆಂಗಸಿಗೆ ದಿನಕ್ಕೆ ಹೆಚ್ಚುಕಮ್ಮಿ ಎರಡು ಸಾವಿರ ಕ್ಯಾಲೊರಿ ಬೇಕು" ಅಂದರು. "ನಿನ್ನ ಹಾಗೆ ಮೈ ದಂಡಿಸೋಳಿಗೆ ಅದು ಸಾಲಲ್ಲ, ಬಹಳ ಜಾಸ್ತಿ ಬೇಕು. ಇವಳ ಥರ ದುಡಿದು, ಮೇಲೆ ಮಗೂಗೆ ಹಾಲೂಡಿಸೋಳಿಗೆ ಇನ್ನೂ ಜಾಸ್ತಿ. ಆಫೀಸಲ್ಲಿ ಕೂತು ಫೈಲ್ ನೋಡೋ ಗಂಡಸಿಗಿಂತ ಇವಳಿಗೇ ಹೆಚ್ಚು ಊಟ ಬೇಕು ಕಣೇ. ಹೆಂಗಸು ಗಂಡಸು ಅನ್ನೋದಕ್ಕಿಂತ ಅವರ ಕೆಲಸ ಏನು ಅನ್ನೋದು ಮುಖ್ಯ."

ಅವರು ಆವತ್ತೇ ಕ್ಯಾಂಟೀನಿಗೆ ಹೋಗಿ ಹೇಳಿದರು. ಸೂಪರ್‌ವೈಸರ್ ಮೇಲಿನವರು ಹೇಳಬೇಕು ಅಂದ. ಮೇಲಿನವರು ಯೋಚನೆ ಮಾಡೋಣ ಅಂದರು. ನಮ್ಮ ತಟ್ಟೆಗೆ ಮಾತ್ರ ಒಂದೇ ಮುದ್ದೆ ಬೀಳುತ್ತಲೇ ಇತ್ತು.

ಅಕ್ಕ ಸುಧಾರಿಸಿಕೊಂಡು ಮತ್ತೆ ಕೆಲಸಕ್ಕೆ ಬಂದಳು. ಬಸ್ಸಿನಲ್ಲಿ ನನ್ನ ಪಕ್ಕ ಕೂತು ಅಂದಳು, "ಯೋಚ್ನೆ ಮಾಡ್ಲಿ ಬುಡು. ಅಲ್ಲೀಗಂಟ ನಾವೂ ಸಾಲಲ್ಲೇ ನಿಂತ್ಕಳಾನ."

ನನಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಕ್ಯಾಂಟೀನಿನಲ್ಲಿ ಮರ್ಯಾದೆಗೆಂದು ಹೆಂಗಸರನ್ನು ಮೊದಲು ಬಿಡುತ್ತಿದ್ದರು. ಬಡಿಸುವ ಕಟ್ಟೆ ಒಂದೇ. ನಾವು ಮುಂದೆ ಹೋಗದಿದ್ದರೆ ಹಿಂದಿನವರು ಯಾರೂ ಹೋಗುವ ಹಾಗಿಲ್ಲ.

"ಮುಂದ್ಗಡೆ ನೀನ್ ನಿಂತ್ಕೋ" ಅಂದಳು.

"ನಾನಾ? ನಂಗ್ ಭಯ ಆಗುತ್ತಕ್ಕ."

"ಡಾಕ್ಟ್ರಮ್ಮ ಏಳಿದ್ದ ಸರ್ಯಾಗ್ ಏಳಕ್ಕೆ ಬರೋದು ನಿಂಗೇ. ನಾನ್ ಬಾಯಿ ಬುಟ್ರೆ ಜಗಳ ಆಯ್ತದೆ. ಇಂದ್ಗಡೆ ನಾನಿರ್ತೀನಿ."

ನಮ್ಮ ವಿಭಾಗದವರಿಗೆಲ್ಲ ಮೊದಲೇ ಹೇಳಿಟ್ಟು, ಡಾಕ್ಟರು ಬರುವ ದಿನವನ್ನೇ ಆರಿಸಿಕೊಂಡೆವು. ಗಂಟೆ ಹೊಡೆಯಿತು. ನಾನು ತಟ್ಟೆ ಚಾಚಿದೆ, ಒಂದು ಮುದ್ದೆ ಬಿತ್ತು. ನಾನು ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಇನ್ನೊಂದು ಹಾಕಿ" ಅಂದೆ. ನನ್ನ ದನಿ ನನಗೇ ಕೇಳಲಿಲ್ಲ. ಮತ್ತೆ ಜೋರಾಗಿ ಅಂದೆ.

"ಮುಂದೆ ನಡೀರಮ್ಮಾ" ಅಂದ ಬಡಿಸುವವನು.

ನಡೆಯಲಿಲ್ಲ. ನನ್ನ ಬೆನ್ನಿಗೆ ಅಕ್ಕನ ಮೈಯ ಬಿಸಿ ತಾಗುತ್ತಿತ್ತು. ಅವಳ ಹಿಂದೆ ನಮ್ಮ ವಿಭಾಗದ ಹೆಂಗಸರೆಲ್ಲ ತಟ್ಟೆ ಹಿಡಿದು ನಿಂತಿದ್ದರು. ಅವರ ಹಿಂದೆ ಗಂಡಸರು. ಮೊದಲು ಗೊಣಗಾಟ, ಆಮೇಲೆ ಕೂಗಾಟ. "ಏನ್ ಗುರು, ಸಾಲು ಯಾಕ್ ನಿಂತಿದೆ?" "ಲೇಡೀಸ್ ಜಾಸ್ತಿ ಮುದ್ದೆ ಕೇಳ್ತಾವ್ರೆ." ಒಂದಷ್ಟು ಜನ ನಕ್ಕರು. ಅಷ್ಟರಲ್ಲಿ ಹಿಂದಿನಿಂದ ಲೇತ್ ವಿಭಾಗದ ಒಬ್ಬ ಹಿರಿಯರು ದೊಡ್ಡ ದನಿಯಲ್ಲಿ, "ಕೇಳ್ತಿರೋದ್ ಮುದ್ದೆ ಕಣ್ರೋ, ಬಂಗಾರ ಅಲ್ಲ. ಹಾಕ್ರಯ್ಯಾ!" ಅಂದರು. ಆ ಒಂದು ಮಾತಿಗೆ ಕ್ಯಾಂಟೀನಿನ ಗಾಳಿಯೇ ತಿರುಗಿತು. ಕೂಗು ಈಗ ನಮ್ಮ ಕಡೆಯಿಂದ ಬಡಿಸುವವನ ಕಡೆಗೆ ಹೋಯಿತು.

ಗದ್ದಲ ಕೇಳಿ ಮ್ಯಾನೇಜರೇ ಬಂದರು. "ಏನಿದು?" ಅಂತ ನನ್ನನ್ನೇ ಕೇಳಿದರು, ಮುಂದೆ ಇದ್ದವಳು ನಾನೇ ಅಲ್ಲವೇ. ನಾನು ಬಾಯಿಪಾಠ ಮಾಡಿದ್ದ ಮಾತುಗಳೆಲ್ಲ ಮರೆತುಹೋದವು. ತೋಚಿದ್ದನ್ನು ಹೇಳಿದೆ.

"ಸರ್, ಮೆಷಿನ್ನಿನ ಭಾರ ನಮಗೂ ಅಷ್ಟೇ ಇದೆ. ಹೆಂಗಸರು ಅಂತ ಕಮ್ಮಿ ಮಾಡಿಲ್ಲ. ಊಟ ಮಾತ್ರ ಯಾಕೆ ಕಮ್ಮಿ?"

ಸೂಪರ್‌ವೈಸರ್ ಚಾರ್ಟಿನ ಕಡೆ ಕೈ ತೋರಿಸಿದ. ಅಷ್ಟರಲ್ಲಿ ಯಾರೋ ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದಿದ್ದರು. ಅವರು ಚಾರ್ಟಿನ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡು ಓದಿದರು.

"ಇದೇನೂ ತಪ್ಪಿಲ್ಲ ಸರ್" ಅಂದರು. ಸೂಪರ್‌ವೈಸರ್ ಹೌದೆಂದು ತಲೆಯಾಡಿಸುವಷ್ಟರಲ್ಲಿ ಅವರೇ ಮುಂದುವರಿಸಿದರು. "ಇದು ಕೂತು ಕೆಲಸ ಮಾಡೋ ಹೆಂಗಸಿನ ಲೆಕ್ಕ. ಅಂದ್ರೆ ನಂದು. ಇವರದ್ದಲ್ಲ. ಇವರ ಮೆಷಿನ್ನನ್ನ ನೀವು ಒಂದು ಗಂಟೆ ಜಗ್ಗಿ ನೋಡಿ, ಆಮೇಲೆ ಎಷ್ಟು ಮುದ್ದೆ ಬೇಕು ಅಂತ ನೀವೇ ಹೇಳಿ."

ಇಡೀ ಕ್ಯಾಂಟೀನ್ ಗೊಳ್ಳೆಂದಿತು. ಮ್ಯಾನೇಜರ್ ಮುಖವೂ ಸಡಿಲವಾಯಿತು. ಅವರು ಒಮ್ಮೆ ನಮ್ಮ ಸಾಲನ್ನು ನೋಡಿ, ಒಮ್ಮೆ ತಮ್ಮ ಕೈಗಡಿಯಾರ ನೋಡಿ, "ಹಾಕ್ರೀ, ಯಾರು ಎಷ್ಟು ಕೇಳ್ತಾರೋ ಅಷ್ಟು ಹಾಕಿ" ಅಂದರು.

ಎರಡನೆಯ ಮುದ್ದೆ ನನ್ನ ತಟ್ಟೆಗೆ ಬಿತ್ತು. ಹೆಂಗಸರು ಚಪ್ಪಾಳೆ ತಟ್ಟಲು ಕೈ ಬಿಡುವಿಲ್ಲದೆ ತಟ್ಟೆಗೆ ಲೋಟ ಬಡಿದರು. ಅಷ್ಟು ಗಟ್ಟಿಯಾದ ಸದ್ದನ್ನು ನಾವು ಅದಕ್ಕೆ ಮೊದಲು ಎಲ್ಲೂ ಮಾಡಿರಲಿಲ್ಲ. ನಿಜ ಹೇಳಬೇಕೆಂದರೆ ಆವತ್ತು ನನಗೆ ಎರಡನ್ನೂ ತಿನ್ನಲಾಗಲಿಲ್ಲ, ಖುಷಿಗೇ ಹೊಟ್ಟೆ ತುಂಬಿತ್ತು. ಉಳಿದದ್ದನ್ನು ಅಕ್ಕ ತನ್ನೆರಡರ ಜೊತೆ ಸೇರಿಸಿ ತಿಂದಳು. ಕೆಲವರು ಒಂದೇ ಸಾಕೆಂದರು, ಅವರಿಗೆ ಒಂದೇ ಹಾಕಿದರು. ಡಾಕ್ಟರೂ ನಮ್ಮ ಬೆಂಚಿನ ತುದಿಯಲ್ಲಿ ಕೂತು ಅರ್ಧ ಮುದ್ದೆ ತಿಂದರು. "ನಂದು ಇಷ್ಟೇ ಲೆಕ್ಕ" ಅಂತ ನಕ್ಕರು.

ಮುಂದೆ ಕ್ಯಾಂಟೀನ್ ಸಮಿತಿಗೆ ಚುನಾವಣೆ ಬಂದಾಗ ನಾವು ಅಕ್ಕನನ್ನು ನಿಲ್ಲಿಸಿದೆವು. ಗೆದ್ದಳು, ಗಂಡಸರ ಓಟೂ ಬಿತ್ತು. ಮಗುವಿಗೆ ಹಾಲು ಸಾಲುತ್ತಿದೆ, ಬುಡಕ್ಕೂ ಇದೆ ತಲೆಗೂ ಇದೆ ಅಂತ ಅವಳು ಬಸ್ಸಿನಲ್ಲಿ ಎಲ್ಲರ ಮುಂದೆ ಹೇಳಿಕೊಂಡು ನಗುತ್ತಿದ್ದಳು.

ಆ ಗೆಲುವಿನ ಮೇಲೆ ನನಗೆ ಮನೆಯ ಅಡುಗೆಮನೆ ಬೇರೆ ಥರ ಕಾಣತೊಡಗಿತು. ನಮ್ಮಲ್ಲಿ ಊಟಕ್ಕೆ ಮೊದಲು ಅಪ್ಪ, ಅಣ್ಣ, ಆಮೇಲೆ ಅಜ್ಜಿ, ನಾನು. ಎಲ್ಲರದೂ ಆದ ಮೇಲೆ ಅಮ್ಮ. ಅವಳು ತಟ್ಟೆ ಹಾಕಿಕೊಂಡದ್ದನ್ನು ನಾನು ನೋಡಿದ ನೆನಪೇ ಇಲ್ಲ. ಒಲೆಯ ಪಕ್ಕ ಪಾತ್ರೆಯಲ್ಲೇ ತಳದ ಅನ್ನಕ್ಕೆ ಉಳಿದ ಸಾರು ಕಲಸಿಕೊಂಡು ಮುಗಿಸಿಬಿಡುತ್ತಿದ್ದಳು. ಆಗಾಗ ತಲೆ ಸುತ್ತು ಅಂತ ಗೋಡೆ ಹಿಡಿದು ಕೂರುತ್ತಿದ್ದಳು. ಪಿತ್ತ ಅನ್ನುತ್ತಿದ್ದಳು, ನಾವೂ ಪಿತ್ತ ಅನ್ನುತ್ತಿದ್ದೆವು.

ಒಂದು ಭಾನುವಾರ ಮಧ್ಯಾಹ್ನ ಎಲ್ಲರ ತಟ್ಟೆಯ ಜೊತೆ ಅಮ್ಮನದನ್ನೂ ಹಾಕಿ, ಅವಳ ಕೈಯಿಂದ ಸೌಟು ಕಿತ್ತುಕೊಂಡು, ಭುಜ ಒತ್ತಿ ಕೂರಿಸಿದೆ.

"ಎಲ್ಲಾರೂ ಕೂತ್ರೆ ಬಡಿಸೋರ್ಯಾರೇ?" ಅಂದರು ಅಜ್ಜಿ.

"ಅವರವರೇ ಬಡಿಸ್ಕೊಳ್ಳೋದು ಅಜ್ಜಿ. ಕೈ ಇದ್ಯಲ್ಲ."

ಅಜ್ಜಿ ಅಪ್ಪನ ಮುಖ ನೋಡಿದರು. ಅಪ್ಪ ಜಾಸ್ತಿ ಮಾತಿನವರಲ್ಲ. ಸುಮ್ಮನೆ ಸಾರಿನ ಪಾತ್ರೆ ಹತ್ತಿರಕ್ಕೆಳೆದುಕೊಂಡು, ಮೊದಲು ಅಮ್ಮನ ತಟ್ಟೆಗೆ ಬಡಿಸಿದರು. ಅರ್ಧ ನೆಲಕ್ಕೇ ಹೋಯಿತು. ಅಣ್ಣ ನಕ್ಕ. ಅಮ್ಮ, "ಅಯ್ಯೋ ಬಿಡೀಂದ್ರೆ" ಅಂತ ಏಳಲು ಹೋದಳು. ಅಜ್ಜಿಯೇ ಅವಳ ಸೆರಗು ಹಿಡಿದು ಎಳೆದರು. "ಕೂತ್ಕೊಳ್ಳೇ. ನಂಗೂ ಯಾರಾದ್ರೂ ಹಿಂಗ್ ಕೂರ್ಸಿದ್ರೆ ನಾನೇನ್ ಬೇಡ ಅಂತಿದ್ನಾ" ಅಂದರು. ಅಣ್ಣ ಎದ್ದು ತುಪ್ಪದ ಗಿಂಡಿ ತಂದ. ಅಮ್ಮನಿಗೆ ಬಿಸಿ ಅನ್ನಕ್ಕೆ ತುಪ್ಪ ಇಷ್ಟ ಅಂತ ನಮಗೆ ಗೊತ್ತಾದದ್ದು ಆವತ್ತು.

ಅದೇ ಮನೆಯ ಪದ್ಧತಿಯಾಯಿತು. ಎಂಬತ್ತರ ದಶಕದ ಆರಂಭದ ಒಂದು ಗೌರಿ ಹಬ್ಬಕ್ಕೆ ಅಮ್ಮ, ನಾನು ಆರ್‌.ಟಿ. ನಗರದ ಬಳೆ ಅಂಗಡಿಗೆ ಹೋದೆವು. ಅಂಗಡಿಯವರು ವರ್ಷಾನುಗಟ್ಟಲೆಯ ಅಭ್ಯಾಸದಂತೆ ಚಿಕ್ಕ ಅಳತೆಯ ಹಸಿರು ಬಳೆ ತೆಗೆದು ಅಮ್ಮನ ಕೈ ಹಿಸುಕಿದರು. ಬಳೆ ಗೆಣ್ಣು ದಾಟಲಿಲ್ಲ. ಇನ್ನೊಮ್ಮೆ ಹಿಸುಕಿದರು, ಬಳೆ ಒಡೆಯಿತು.

"ದೊಡ್ಡ ಸೈಜ್ ಕೊಡಿ" ಅಂದಳು ಅಮ್ಮ, ಒಂದಿಷ್ಟೂ ಸಂಕೋಚವಿಲ್ಲದೆ.

ಅಲ್ಲೇ ಬಳೆ ನೋಡುತ್ತಿದ್ದ ನಮ್ಮ ಬೀದಿಯ ಒಬ್ಬ ಹೆಂಗಸು ಅಮ್ಮನನ್ನು ಮೇಲಿಂದ ಕೆಳಗೆ ನೋಡಿ, "ಏನ್ರೀ, ಇಷ್ಟು ಮೈ ತುಂಬ್ಕೊಂಡಿದ್ದೀರಾ! ಏನ್ ಸಮಾಚಾರ?" ಅಂದರು.

ಅಮ್ಮ ಹೊಸ ಬಳೆಯ ಕೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿಕೊಳ್ಳುತ್ತಾ, "ಏನಿಲ್ಲ ಕಣ್ರೀ, ಊಟ ಮಾಡ್ತಿದ್ದೀನಿ" ಅಂದಳು.