ಕೌದಿ ಸೂಜಿ ಮತ್ತು ಎರಡನೇ ಅಪ್ಪಾಸಾಹೇಬ

ಯೆರವಡಾದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಅಪ್ಪಾಸಾಹೇಬರಿಗೆ ಒಂದು ರೂಢಿ. ದಿನಾ ಬೆಳಿಗ್ಗೆ ಗಿರಾಕಿಗಳಿಗೆ ಫೋನಿನ ಲೋಕದ ಹೊಸ ಸುದ್ದಿ ಹೇಳುವರು. ಆದರೆ ಸುದ್ದಿಗಿಂತ ಮೊದಲು, ಅದನ್ನು ಯಾರು ಹೇಳಿದರು ಎಂಬುದನ್ನು ಹೇಳುವರು. ಅದು ಸಿಗದಿದ್ದರೆ "ನನಗ ಗೊತ್ತಿಲ್ರಿ" ಎಂದು ಸುಮ್ಮನಾಗುವರು.

ಒಂದು ಮಧ್ಯಾಹ್ನ ಹಳೇ ಬಟ್ಟೆ ಜೋಡಿಸಿ ಕೌದಿ ಹೊಲಿಯುವ ಮುದುಕಿ ಚನ್ನಬಸವ್ವ ಬಂದಳು. ಒಂದು ಕೈಯಲ್ಲಿ ಬ್ಯಾಟರಿ ಉಬ್ಬಿದ ಫೋನು, ಇನ್ನೊಂದರಲ್ಲಿ ದಬ್ಬಣದಂಥ ಸೂಜಿ.

"ಎಲ್ಲಿ ಚುಚ್ಚಲೋ ತಮ್ಮಾ? ಗಾಳಿ ಹೋಗತದಂತ ನೀನ ಹೇಳೀಯಲ್ಲ!"

"ನಾ ಯಾವಾಗ ಹೇಳಿದೆ ಯವ್ವಾ? ಚುಚ್ಚಿದ್ರ ಬೆಂಕಿ ಹತ್ತತದ!"

ಅವಳು ಫೋನು ತಿರುಗಿಸಿ ವಿಡಿಯೊ ತೋರಿಸಿದಳು. ಅದರೊಳಗೆ ಅಪ್ಪಾಸಾಹೇಬರೇ ಕೂತಿದ್ದರು. ಅದೇ ಅಂಗಡಿ, ಅದೇ ದನಿ, ಹಣೆಯ ಮೇಲೆ ಅದೇ ಗಾಯದ ಕಲೆ. "ಸೂಜಿ ಚುಚ್ರಿ, ಏನೂ ಆಗೂದಿಲ್ಲ" ಎಂದು ನಗುತ್ತಿದ್ದರು. ಯಾರೋ ಕಂಪ್ಯೂಟರಿನಲ್ಲಿ ಕಟ್ಟಿದ ನಕಲಿ ಅದು; ತಾವು ಎಂದೂ ಆಡದ ಮಾತು ತಮ್ಮದೇ ಬಾಯಿಂದ ಬರುವುದನ್ನು ನೋಡಿ ಅಪ್ಪಾಸಾಹೇಬರು ಹಣೆಯ ಕಲೆ ಮುಟ್ಟಿಕೊಂಡರು.

"ಇಬ್ಬರಾಗ ಯಾರನ್ನ ನಂಬಲೋ?" ಸೂಜಿಯ ಮೊನೆ ಆಗಲೇ ಫೋನಿನ ಬೆನ್ನಿಗೆ ತಾಗಿತ್ತು.

"ಇದನ್ನ ಯಾರು ಹೇಳಿದ್ರಂತ ಆ ಫೋನಿನಾಗಿನವನ್ನ ಕೇಳು, ಯವ್ವಾ."

ಚನ್ನಬಸವ್ವ ಪರದೆಗೆ ಬಾಗಿದಳು. "ಯಾರು ಹೇಳಿದ್ರೋ ನಿನಗ?"

ಆ ಮುಖ ರೆಪ್ಪೆ ಬಡಿಯದೆ ನಕ್ಕಿತು. ಆಮೇಲೆ ಮೊದಲಿನಿಂದ ಶುರುಮಾಡಿತು: "ಸೂಜಿ ಚುಚ್ರಿ..."

ಮುದುಕಿ ಸೂಜಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು, ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹಿಂದೆ ಸರಿದಳು.

ಈಗಲೂ ಅವಳು ಬೆಳಿಗ್ಗೆ ಸುದ್ದಿ ಕೇಳಲು ಬರುತ್ತಾಳೆ. ಕೂರುವ ಮೊದಲು ಅಪ್ಪಾಸಾಹೇಬರ ಮುಂಗೈ ಮುಟ್ಟಿ ನೋಡುತ್ತಾಳೆ, ಬೆಚ್ಚಗಿದೆಯೋ ಇಲ್ಲವೋ ಎಂದು.