ಆರು ಗಂಟೆಯ ರಾಗದಲ್ಲಿ ಒಂದು ತೂತು

ಹೇಳಿಬಿಡಲೇ, ಬೇಡವೇ? ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಿನೋವಾ ತೇಯಿಜಿ ತಮ್ಮ ಮನೆಯೆದುರು ಏಣಿಯ ಬುಡ ಹಿಡಿದು ನಿಂತು ಇದನ್ನೇ ಯೋಚಿಸುತ್ತಿದ್ದಾರೆ. ಮೇಲೆ, ಊರಿನ ಧ್ವನಿವರ್ಧಕದ ಕಂಬಕ್ಕೆ ಜೋತುಬಿದ್ದು, ಪುರಸಭೆಯ ರಿಪೇರಿಯವನಾದ ಕುಸುಮೊತೊ ಏನೋ ತಿರುಪುತ್ತಿದ್ದಾನೆ. ಪಾಪ, ಪ್ರತಿ ವರ್ಷ ಬರುತ್ತಾನೆ.

ಮಿನೋವಾ ಸಂಗೀತ ರಚನಕಾರರು. ಪ್ರಾಯದಲ್ಲಿ ಟೋಕಿಯೊದಲ್ಲಿ ಕಲಿತು, ದೊಡ್ಡ ವಾದ್ಯವೃಂದಗಳಿಗೆಂದು ರಾಶಿಗಟ್ಟಲೆ ಬರೆದರು. ಹೆಚ್ಚಿನವು ಒಮ್ಮೆ ನುಡಿದು ಸುಮ್ಮನಾದವು. ಒಂದು ಸಂಗೀತ ಕಚೇರಿಗೆ ನೆಂಟರನ್ನು ಬಿಟ್ಟರೆ ಬಂದವನು ಒಬ್ಬನೇ. ಅವನೂ ಮಳೆ ನಿಂತ ಕೂಡಲೇ ಎದ್ದು ಹೋದ. ಈ ಮೀನುಗಾರರ ಊರಿಗೆ ಮರಳಿದ ಮೇಲೆ ಹೆಂಗಸರ ಮೇಳಕ್ಕೆ ಹಾಡು ಕಲಿಸುತ್ತಾ, ಪಿಯಾನೊಗಳಿಗೆ ಶ್ರುತಿ ಮಾಡುತ್ತಾ ಬದುಕಿದ್ದಾರೆ. ಅವರ ಒಂದೇ ಒಂದು ರಚನೆಯನ್ನು ಊರೆಲ್ಲ ದಿನವೂ ಕೇಳುತ್ತದೆ: ಬೆಳಿಗ್ಗೆ ಆರಕ್ಕೆ ಕಂಬಗಳಿಂದ ಮೊಳಗುವ, ಜನರನ್ನು ಎಬ್ಬಿಸುವ ರಾಗ. ಅದರ ನಟ್ಟನಡುವೆ ಅವರು ಒಂದು ನೀಳ ಮೌನ ಬರೆದಿದ್ದಾರೆ, ಅಷ್ಟು ಹೊತ್ತು ಕಡಲು ಕೇಳಿಸಲಿ ಎಂದು.

ಊರಿಗೆ ಕೇಳಿಸಿದ್ದು ಕೆಟ್ಟುಹೋದ ಯಂತ್ರ. ರಾಗ ಮೊಳಗಿದ ಮೊದಲ ದಿನವೇ ಕುಸುಮೊತೊ ಓಡಿಬಂದು, ಹಣೆ ಮೊಣಕಾಲಿಗೆ ತಾಗುವಷ್ಟು ಬಾಗಿ, "ತಪ್ಪಾಯ್ತು ಮೇಷ್ಟ್ರೇ, ನಿಮ್ಮ ಹಾಡು ನಡುವೆ ಕೈಕೊಡ್ತು" ಎಂದ. ಅಷ್ಟು ಬಾಗಿದವನಿಗೆ, ನೀನು ಸುಮ್ಮನೆ ಬಾಗಿದೆ ಎಂದು ಹೇಳುವುದು ಹೇಗೆ? ಮಿನೋವಾ ಅವನಿಗಿಂತ ಕೆಳಗೆ ಬಾಗಿ, "ನನ್ನಿಂದ ತೊಂದರೆ ಆಯ್ತು" ಎಂದರು. ಅಂದಿನಿಂದ ತಂತಿ ಬದಲಾಗಿದೆ, ಧ್ವನಿವರ್ಧಕದ ಕಹಳೆ ಬದಲಾಗಿದೆ. ಮೌನ ಮಾತ್ರ ಜಗ್ಗಿಲ್ಲ.

"ಈ ಸಲ ಗೆದ್ದೆ ಮೇಷ್ಟ್ರೇ," ಮೇಲಿನಿಂದ ಕುಸುಮೊತೊ ಕೂಗುತ್ತಾನೆ. "ತೂತು ಇದ್ದಿದ್ದು ಧ್ವನಿಮುದ್ರಣದಲ್ಲೇ. ಕತ್ತರಿಸಿ ಅಂಟಿಸಿದೀನಿ."

ಏಣಿ ಅಲುಗುತ್ತದೆ.

"ಗಟ್ಟಿ ಹಿಡ್ಕೊಳ್ಳಿ ಮೇಷ್ಟ್ರೇ, ನಂಗೆ ಹೆಂಡ್ತಿ ಇದಾಳೆ."

ಆರು ಹೊಡೆಯುತ್ತದೆ. ರಾಗ ಎಲ್ಲೂ ನಿಲ್ಲದೆ ಹರಿದು ಮುಗಿಯುತ್ತದೆ. ಕೆಳಗೆ ಮೀನುಕಟ್ಟೆಯಲ್ಲಿ ಏನೋ ಧಡಾರನೆ ಉರುಳುತ್ತದೆ. ಸ್ವಲ್ಪ ಹೊತ್ತಿಗೆ ರಬ್ಬರ್ ಬೂಟು ಎಳೆದುಕೊಂಡು, ಅಲ್ಲಿ ದುಡಿಯುವ ಹಾತ್ಸುಯೆ ಅಜ್ಜಿ ಏರು ಹತ್ತಿ ಬರುತ್ತಾಳೆ, ಕೈಯಲ್ಲಿ ಮಣ್ಣಾದ ಬಂಗುಡೆ ಮೀನು.

"ಯಾವನೋ ಅದು ಹಾಡು ಮುಟ್ಟಿದ್ದು? ಅದು ನಿಂತಾಗ ಉಸಿರು ಎಳ್ಕೊಂಡು, ಮತ್ತೆ ಶುರುವಾದಾಗ ಎಲ್ಲಾರೂ ಒಟ್ಟಿಗೆ ಮೀನಿನ ಪೆಟ್ಟಿಗೆ ಎತ್ತೋದು. ಇವತ್ತು ಒಬ್ಬಳು ಎತ್ತಿದ್ಲು, ಇನ್ನೊಬ್ಬಳು ಬಾಯಿ ಬಿಟ್ಕೊಂಡು ಕಾಯ್ತಿದ್ಲು."

"ಅಜ್ಜಿ, ಅದು ರಿಪೇರಿ."

"ನಿನ್ನ ರಿಪೇರಿ ನಿನ್ನ ಮೂತಿಗೆ ಮಾಡ್ಕೋ. ನಮಗೆ ಕೆಟ್ಟಿದ್ದೇ ಬೇಕು."

ಕುಸುಮೊತೊ ಇಳಿದು ಬಂದು ಟೋಪಿ ತೆಗೆಯುತ್ತಾನೆ. "ಕ್ಷಮಿಸಿ ಮೇಷ್ಟ್ರೇ. ಜನಕ್ಕೆ ಕೆಟ್ಟಿದ್ದೇ ಅಭ್ಯಾಸ ಆಗ್ಬಿಟ್ಟಿದೆ. ನಿಮ್ಮ ಹಾಡಿಗೆ ಮತ್ತೆ ತೂತು ಹಾಕ್ಬೇಕು. ಮನಸ್ಸಿಗೆ ಹಚ್ಕೋಬೇಡಿ."

ಮಿನೋವಾ ಎಂದಿಗಿಂತ ಕೆಳಗೆ ಬಾಗುತ್ತಾರೆ; ಮುಖ ಕಾಣಬಾರದಲ್ಲ. "ಪರವಾಗಿಲ್ಲಪ್ಪ, ಹೊಂದ್ಕೋತೀನಿ. ಹಾಕೋವಾಗ ಹಳೇ ಅಳತೆಗೇ ಹಾಕು, ಅಷ್ಟು ಸಾಕು."

ಆ ಮೌನ ತಾನೇ ಬರೆದದ್ದು ಎಂದು ಅವರು ಕುಸುಮೊತೊಗೆ ಯಾವತ್ತೂ ಹೇಳಲಿಲ್ಲ.